ಝಡ್‌ಎಫ್‌ಎಸ್: ಭದ್ರವಾದ ಕಣಜ, ಸಡಿಲವಾದ ಅಗುಳಿ

ಫ್ರೀಬಿಎಸ್‌ಡಿ ಗಣಕದ ಹಾರ್ಡ್ ಡಿಸ್ಕ್‌ಗಳನ್ನು ಬಿಚ್ಚಿ ಲಿನಕ್ಸ್ ಗಣಕಕ್ಕೆ ಜೋಡಿಸಿದರೆ ಒಳಗಿನ ದತ್ತಾಂಶ ಸಿಗುವುದೇ? ಎರಡರಲ್ಲೂ ಝಡ್‌ಎಫ್‌ಎಸ್ ಇದ್ದರೆ ಸಿಗುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಬಿಡುಗಡೆ ಮಾಡಿದ ಈ ಕಡತ ವ್ಯವಸ್ಥೆ ಹಲವು ಡಿಸ್ಕ್‌ಗಳನ್ನು 'ಪೂಲ್' ಎಂಬ ಒಂದೇ ಸಂಗ್ರಹವಾಗಿ ಕಟ್ಟುತ್ತದೆ. ಬೈಟ್‌ಗಳ ಕ್ರಮವನ್ನೂ ಅದು ಗುರುತಿಸಿಡುವುದರಿಂದ ಸ್ಪಾರ್ಕ್ ಸಂಸ್ಕಾರಕ ಬರೆದುದನ್ನು ಇಂಟೆಲ್ ಸಂಸ್ಕಾರಕ ಓದಬಲ್ಲದು. ಇದು ಮೆಚ್ಚತಕ್ಕ ವಿನ್ಯಾಸ.

ಸಾಗಣೆಯ ಕ್ರಮವೂ ಸರಳ. ಹಳೆಯ ಗಣಕದಲ್ಲಿ 'ಎಕ್ಸ್‌ಪೋರ್ಟ್' ಆದೇಶ ಬಾಕಿ ಬರಹವನ್ನು ಡಿಸ್ಕಿಗಿಳಿಸಿ, ಪೂಲನ್ನು ಬಿಟ್ಟುಕೊಟ್ಟ ಗುರುತು ಹಾಕುತ್ತದೆ. ಹೊಸದರಲ್ಲಿ 'ಇಂಪೋರ್ಟ್' ಅದನ್ನು ವಹಿಸಿಕೊಳ್ಳುತ್ತದೆ.

ನನ್ನ ಆಕ್ಷೇಪಗಳು ಎರಡು. ಎಕ್ಸ್‌ಪೋರ್ಟ್ ಮರೆತಾಗ ಬರುವ ತಡೆಯನ್ನು '-ಎಫ್' ಎಂಬ ಒಂದೇ ಅಕ್ಷರ ಸರಿಸಿಬಿಡುತ್ತದೆ. ಅವೇ ಡಿಸ್ಕ್‌ಗಳಿಗೆ ಹಳೆಯ ಗಣಕವೂ ಬರೆಯುತ್ತಿದ್ದರೆ ಇಡೀ ಪೂಲ್ ಹಾಳಾದೀತು. ಇದನ್ನು ತಡೆಯುವ 'ಮಲ್ಟಿಹೋಸ್ಟ್' ರಕ್ಷಣೆ ಲಿನಕ್ಸ್ ಆವೃತ್ತಿಗೆ 2017ರಲ್ಲಿ ಬಂತು. ಆದರೆ ನಾವಾಗಿ ಚಾಲೂ ಮಾಡದಿದ್ದರೆ ಅದು ಸುಮ್ಮನಿರುತ್ತದೆ.

ಎರಡನೆಯದಾಗಿ, ಹೊಸ ಸೌಲಭ್ಯಗಳಿಗೆ 'ಅಪ್‌ಗ್ರೇಡ್' ಮಾಡಿರೆಂದು ಪೂಲಿನ ಸ್ಥಿತಿವರದಿಯೇ ಸೂಚಿಸುತ್ತದೆ. ಎಚ್ಚರಿಕೆಯ ಮಾತೂ ಜೊತೆಗಿದೆ, ನಿಜ. ಆದರೆ ಅಪ್‌ಗ್ರೇಡನ್ನು ಹಿಂದೆಗೆದುಕೊಳ್ಳುವ ಆದೇಶವಿಲ್ಲ. ಸೌಲಭ್ಯಗಳು ಬಳಕೆಗೆ ಬಂದ ಮೇಲೆ ಅವನ್ನರಿಯದ ಗಣಕ ಪೂಲನ್ನು ತೆರೆಯದೇ ಹೋಗಬಹುದು. 2021ರಲ್ಲಿ ಬಂದ 'ಕಂಪ್ಯಾಟಿಬಿಲಿಟಿ' ಆಯ್ಕೆಯನ್ನು ಮುಂಚೆಯೇ ಹೊಂದಿಸಿದ್ದರಷ್ಟೇ ಉಪಯೋಗ.

ಕೆಟ್ಟ ಉಪಕರಣವನ್ನು ಮತ್ತೆ ಕೊಳ್ಳಬಹುದು. ಕಳೆದ ಗ್ರಹಣದ ಅಳತೆಗಳನ್ನು ಮತ್ತೆ ಪಡೆಯಲಾಗದು. ಆದ್ದರಿಂದ ಬೇರೊಂದು ಪ್ರತಿ ಇಟ್ಟುಕೊಂಡೇ ಹೊರಡಿ, ಮೊದಲ ಇಂಪೋರ್ಟ್ 'ಓದಲು ಮಾತ್ರ' ಇರಲಿ. ಒಳ್ಳೆಯ ವಿನ್ಯಾಸದಲ್ಲಿ ರಕ್ಷಣೆ ತಾನಾಗಿ ಇರಬೇಕು, ಅಪಾಯವನ್ನು ಮಾತ್ರ ಕೇಳಿ ಪಡೆಯುವಂತಿರಬೇಕು. ಇಲ್ಲಿ ಅದು ತಿರುಗುಮುರುಗಾಗಿದೆ.