ಬ್ರುಕ್ನರ್ ಕೇರಿಗೆ ಬಂದರೆ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತ ಫ್ರಾನ್ಸಿನ ಚಿಂತಕ ಪ್ಯಾಸ್ಕಲ್ ಬ್ರುಕ್ನರನನ್ನು ಇಂಗ್ಲಿಷಿನಲ್ಲಿ ಓದಿದೆ. ಮುಗ್ಧತೆಯ ಆಮಿಷ ಎಂಬರ್ಥದ ಹೆಸರಿನ ಈ ಪುಸ್ತಕ ಫ್ರೆಂಚಿನಲ್ಲಿ ಬಂದದ್ದು 1995ರಲ್ಲಿ. ಅವನ ವಾದ ಇಷ್ಟು: ಆಧುನಿಕ ಪಶ್ಚಿಮದ ಮನುಷ್ಯನಿಗೆ ಸ್ವಾತಂತ್ರ್ಯ ಬೇಕು, ಅದರ ಹೊಣೆ ಬೇಡ. ಹಾಗಾಗಿ ಒಂದೋ ಮಗುವಿನಂತೆ ಆಡುತ್ತಾನೆ, ಇಲ್ಲವೇ ತಾನೊಬ್ಬ ಬಲಿಪಶು ಎನ್ನುತ್ತಾನೆ. ಎಲ್ಲವೂ ಅಂಗಡಿಯಲ್ಲಿ ಸಿಗುವ ಸಮಾಜದ ಬಗ್ಗೆ ಇದು ಸರಿಯಾದ ಮಾತೇ.

ತೊಡಕು ಶುರುವಾಗೋದು ಈ ಮಾತು ನಮ್ಮ ಸ್ಟಾಫ್ ರೂಮಿಗೆ ಬಂದಾಗ. ಮೀಸಲಾತಿಯ ಮಾತೆತ್ತಿದರೆ ಸಹೋದ್ಯೋಗಿಯೊಬ್ಬರು "ಇನ್ನೂ ಎಷ್ಟು ದಿನ ಅಂತ ಅಳ್ತೀರ್ರೀ?" ಅಂತಾರೆ. ಬ್ರುಕ್ನರನನ್ನು ಓದದೆಯೇ ಅವರು ಬ್ರುಕ್ನರ್‌ವಾದಿ! ನಕಲಿ ಅಳುವಿನಲ್ಲಿ ನಿಜವಾಗಿ ತುಳಿತಕ್ಕೊಳಗಾದವರ ದನಿ ಮುಳುಗುತ್ತದೆ ಎಂದು ಬ್ರುಕ್ನರ್ ಹೇಳುವುದು ಅವರಿಗೆ ಬೇಕಿಲ್ಲ. ಪ್ಯಾರಿಸ್ಸಿನವನು ಬಲಿಪಶುವೆಂಬ ಹೆಸರನ್ನು ತಾನೇ ಆರಿಸಿಕೊಳ್ಳಬಹುದು. ಕೇರಿಯವನಿಗೆ ಊರೇ ಹೆಸರಿಟ್ಟಿರುತ್ತದೆ. ಮೀಸಲಾತಿಯವರನ್ನು ಹಂಗಿಸುವ 'ಗೌರ್ಮೆಂಟ್ ಬ್ರಾಹ್ಮಣ' ಎಂಬ ಮಾತನ್ನೇ ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನದ ಹೆಸರಾಗಿಸಿದ್ದು ಸುಮ್ಮನೆ ಅಲ್ಲ.

ಹಾಗಂತ ಬ್ರುಕ್ನರನನ್ನು ತಳ್ಳಿಹಾಕಲಾರೆ. ನಮ್ಮ ವಿಮರ್ಶೆಯೂ ದಲಿತ ಕೃತಿಗಳಲ್ಲಿ ಬಹುಮಟ್ಟಿಗೆ ನೋವನ್ನಷ್ಟೇ ಎಣಿಸುತ್ತ ಬಂದಿದೆ. 1996ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಹಸಿವಿದೆ, ಅವಮಾನವಿದೆ, ಜೊತೆಗೇ ತುಂಟ ನಗೆಯೂ ಇದೆ. ಆ ನಗೆ ಕನಿಕರ ಕೇಳೋದಿಲ್ಲ. ಕನಿಕರಿಸಲು ಬಂದವರನ್ನೇ ಪೇಚಿಗೆ ಸಿಕ್ಕಿಸುತ್ತೆ. ಬಲಿಪಶುವಿನ ಪಾತ್ರವನ್ನು ಒಲ್ಲೆ ಎನ್ನಲು ನಮಗೆ ಪ್ಯಾರಿಸ್ಸಿನ ಪಾಠ ಬೇಕಿರಲಿಲ್ಲ ಅಂತ ನಾನು ಹೆಮ್ಮೆಪಟ್ಟಿದ್ದೆ.

ಅದೇ ಹೆಮ್ಮೆಯಲ್ಲಿ ತರಗತಿಯಲ್ಲಿ 'ಊರುಕೇರಿ' ಓದಿಸಿದೆ. ಎಲ್ಲರೂ ನಕ್ಕರು. ಕೇರಿಯಿಂದ ಬರುವ ಹುಡುಗನೊಬ್ಬ ಮಾತ್ರ ಎದ್ದುನಿಂತು, "ಸಾರ್, ಇವ್ರೆಲ್ಲ ಯಾಕೆ ನಗ್ತಾವ್ರೆ?" ಅಂದ. ಆವತ್ತು ಪಾಠ ಮುಂದುವರಿಸಲು ನನ್ನಿಂದಾಗಲಿಲ್ಲ.