ಮಠದ ಮಾಡಿನ ಮೇಲಿನ ಚಕ್ರ

ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದವರು ಮಠಗಳ ಒಳಗಿರುವ ಬುದ್ಧನನ್ನು ಕಣ್ತುಂಬಿಕೊಂಡು ಬರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾಡಿನ ಅಂಚು. ಅಲ್ಲಿ ಎಂಟು ಅರಗಳ ಧರ್ಮಚಕ್ರ, ಅದರ ಎಡಬಲಕ್ಕೆ ಕತ್ತೆತ್ತಿ ಕುಳಿತ ಜೋಡಿ ಜಿಂಕೆ. ಸಾರನಾಥದ ಮೃಗವನದಲ್ಲಿ ಬುದ್ಧ ಮಾಡಿದ ಮೊದಲ ಉಪದೇಶದ ಗುರುತು ಅದು. 1966ರಲ್ಲಿ ಆರಂಭವಾದ ಈ ನೆಲೆಯಲ್ಲಿ ಗಾಂದೆನ್, ಡ್ರೆಪುಂಗ್ ಮಠಗಳು ಹೊಸದಾಗಿ ಎದ್ದವು. ಮಾಡಿನ ಈ ಸಂಕೇತವೂ ಟಿಬೆಟನ್ನರ ಜೊತೆ ಬಂತು.

ಇಂಥ ಚಕ್ರದ ಸಾಂಪ್ರದಾಯಿಕ ಕಸುಬು ತಾಮ್ರದ ತಗಡಿನದು. ಎರಕವಲ್ಲ, ಬಡಿತ. ತಗಡನ್ನು ರಾಳದ ಹಾಸಿನ ಮೇಲಿಟ್ಟು ಹಿಂಬದಿಯಿಂದ ಬಡಿದು ಉಬ್ಬಿಸುತ್ತಾರೆ, ಮುಂಬದಿಯಿಂದ ಚಾಣ ಹಿಡಿದು ಗೆರೆ ತಿದ್ದುತ್ತಾರೆ. ಬಡಿದಷ್ಟೂ ತಾಮ್ರ ಬಿರುಸಾಗುತ್ತದೆ. ಬೆಂಕಿಗೆ ಹಿಡಿದರೆ ಮತ್ತೆ ಮೆತ್ತಗಾಗಿ ಪೆಟ್ಟಿಗೆ ಒಗ್ಗುತ್ತದೆ. ಈ ಹದ ತಪ್ಪಿದರೆ ತಗಡು ಸೀಳುತ್ತದೆ. ಬಿಡಿ ಭಾಗಗಳನ್ನು ರಿವೆಟ್ ಹೊಡೆದು ಕೂಡಿಸುತ್ತಾರೆ. ಒಳಗೆ ಪೊಳ್ಳಾದ್ದರಿಂದಲೇ ಅಷ್ಟು ದೊಡ್ಡ ಆಕೃತಿಯ ಭಾರವನ್ನು ಮಾಡು ತಾಳುತ್ತದೆ. ಮೇಲೆ ಚಿನ್ನದ ಲೇಪ ಕೊಡಲು ಹಳೆಯ ಪದ್ಧತಿಯಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು ಕಾಯಿಸುತ್ತಿದ್ದರು. ಆಗ ಏಳುವ ಪಾದರಸದ ಹೊಗೆ ಕುಶಲಕರ್ಮಿಯ ಮೈಗೆ ವಿಷ.

ಜಿಂಕೆ ಚೆಂದ, ನಿಜ. ಆದರೂ ನನ್ನ ಮನಸ್ಸು ಚಕ್ರದ ಕಡೆಗೇ. ಮುಖವಿಲ್ಲ, ಕಣ್ಣಿಲ್ಲ, ಕಥೆ ಹೇಳುವ ಕೈಗಳಿಲ್ಲ. ಬರೀ ವೃತ್ತ ಮತ್ತು ಅರ. ಅರದಿಂದ ಅರಕ್ಕೆ 45 ಡಿಗ್ರಿ. ಮೂರ್ತಿಯ ಮುಖದಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಭಾವವೆಂದು ಒಪ್ಪಬಹುದು, ಇಲ್ಲಿ ಒಂದು ಅರ ವಾಲಿದರೂ ಕೆಳಗೆ ನಿಂತವರಿಗೆ ತಿಳಿದುಬಿಡುತ್ತದೆ.