ಬುರುಡೆ ಬ್ಯಾರನ್‌ನ ಸಿನಿಮಾ ನೋಡುವ ಬಗೆ

ಚೆಕೊಸ್ಲೊವಾಕಿಯಾದ ಕಾರೆಲ್ ಜೆಮಾನ್ 1960ರ ದಶಕದ ಆರಂಭದಲ್ಲಿ ‘ಬ್ಯಾರನ್ ಪ್ರಾಶಿಲ್’ ಎಂಬ ಚಿತ್ರ ತೆಗೆದರು. ಬುರುಡೆ ಬಿಡುವುದರಲ್ಲಿ ಜಗತ್ತಿಗೇ ಹೆಸರಾದ ಬ್ಯಾರನ್ ಮುಂಚೌಸನ್‌ನ ಕಥೆ ಅದು. ಅದರಲ್ಲಿ ನಟರು ಬರೆದ ಚಿತ್ರಗಳೊಳಗೇ ಓಡಾಡುತ್ತಾರೆ, ಕುದುರೆ ಏರುತ್ತಾರೆ, ಪ್ರೀತಿಸುತ್ತಾರೆ. ಇಂದಿನ ಗ್ರಾಫಿಕ್ಸ್‌ಗೆ ಒಗ್ಗಿದ ಕಣ್ಣು ಮೊದಲು ‘ಇದು ನಿಜದಂತಿಲ್ಲವಲ್ಲ’ ಎನ್ನುತ್ತದೆ. ನಿಜದಂತೆ ಕಾಣಿಸಬೇಕೆಂಬ ಹಟವೇ ಜೆಮಾನ್‌ಗೆ ಇರಲಿಲ್ಲ. ಇದನ್ನು ಒಪ್ಪಿಕೊಂಡು ಕೂತರೆ ಚಿತ್ರ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು ಗೆರೆಗಳನ್ನು ನೋಡಿ. ಫ್ರಾನ್ಸಿನ ಗುಸ್ತಾವ್ ಡೋರೆ 1862ರಲ್ಲಿ ಇದೇ ಕಥೆಗಳಿಗೆ ಬರೆದ ಚಿತ್ರಗಳೇ ಇಲ್ಲಿನ ಲೋಕಕ್ಕೆ ಅಡಿಪಾಯ. ಅಂಥ ಮರದಚ್ಚಿನ ಚಿತ್ರಗಳಲ್ಲಿ ನೆರಳೆಂದರೆ ಒತ್ತೊತ್ತಾದ ಸಣ್ಣ ಗೆರೆಗಳು. ಅಂಥ ಗೆರೆಗಳ ಅರಮನೆಯಲ್ಲಿ ಜೀವಂತ ಮನುಷ್ಯನೊಬ್ಬ ಹೆಜ್ಜೆಯಿಟ್ಟಾಗ ಕಣ್ಣನ್ನು ಅವನ ಪಾದದ ಬಳಿ ನಿಲ್ಲಿಸಿ. ಬರೆದದ್ದು ಎಲ್ಲಿ ಮುಗಿಯಿತು, ಕಟ್ಟಿದ ಸೆಟ್ ಎಲ್ಲಿ ಶುರುವಾಯಿತು ಎಂದು ಹುಡುಕುವುದೇ ಒಂದು ಸುಖ.

ಆಮೇಲೆ ಬಣ್ಣ. ಇಲ್ಲಿ ಬಣ್ಣವನ್ನು ತುಂಬಾ ಅಳೆದು ಬಳಸಲಾಗಿದೆ. ಎಷ್ಟೋ ದೃಶ್ಯಗಳು ಇಡಿಯಾಗಿ ಒಂದೇ ಛಾಯೆಯಲ್ಲಿವೆ. ಸುಲ್ತಾನನ ಸೆರೆಯಲ್ಲಿದ್ದ ರಾಜಕುಮಾರಿ ಬಿಯಾಂಕಾಳನ್ನು ಬ್ಯಾರನ್ ಬಿಡಿಸಿಕೊಂಡು ಓಡುವಾಗ ಸುಲ್ತಾನನ ಸವಾರರು ಬೆನ್ನಟ್ಟುತ್ತಾರಲ್ಲ, ಅಲ್ಲಿ ಆಕಾಶದ ತುಂಬ ಕೆಂಪು ಹೊಗೆ ಸುರುಳಿಸುರುಳಿಯಾಗಿ ಹಬ್ಬುತ್ತದೆ. ಮಾತಿಲ್ಲದೆಯೇ ಅಪಾಯ ಮೈಗೆ ತಾಕುತ್ತದೆ. ಝ್ದೆನೆಕ್ ಲಿಷ್ಕಾ ಅವರ ಸಂಗೀತಕ್ಕೂ ಅಲ್ಲೇ ಕಿವಿಗೊಡಿ.

ಮೂರನೆಯದು ನಟನೆ. ಮಿಲೋಶ್ ಕೊಪೆಟ್ಸ್ಕಿ ಅವರ ಬ್ಯಾರನ್ ತೋಪಿನ ಗುಂಡಿನ ಮೇಲೆ ಕೂತು ಹಾರುವಾಗಲೂ ಗತ್ತು ಬಿಡುವುದಿಲ್ಲ. ತನ್ನ ಬಡಾಯಿಯನ್ನು ತಾನೇ ಮನಸಾರೆ ನಂಬಿದವನು ಅವನು. ಅವನ ಆ ನಂಬಿಕೆಯಿಂದಲೇ ಕಾಗದದ ಲೋಕಕ್ಕೆ ಜೀವ ಬರುತ್ತದೆ.

ಕೊನೆಯದಾಗಿ ಕಥೆ. ಮೊದಲ ಗಗನಯಾತ್ರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿದ್ದು 1961ರಲ್ಲಿ. ಅದೇ ಕಾಲದ ಈ ಚಿತ್ರದಲ್ಲಿ ತೋನಿಕ್ ಎಂಬ ಗಗನಯಾತ್ರಿ ಚಂದ್ರನ ಮೇಲೆ ಇಳಿಯುತ್ತಾನೆ. ನೋಡಿದರೆ ಬ್ಯಾರನ್, ಚಂದ್ರಯಾನದ ಕಥೆ ಬರೆದ ಫ್ರೆಂಚ್ ಲೇಖಕ ಸಿರಾನೊ, ಜೂಲ್ಸ್ ವರ್ನ್ ಕಾದಂಬರಿಯ ಯಾತ್ರಿಕರು ಆಗಲೇ ಅಲ್ಲಿದ್ದಾರೆ! ವಿಜ್ಞಾನಕ್ಕಿಂತ ಮೊದಲೇ ಕನಸು ಅಲ್ಲಿಗೆ ತಲುಪಿತ್ತು ಎಂಬುದೇ ಜೆಮಾನ್ ಮಾತು. ತೋನಿಕ್‌ನ ಲೆಕ್ಕಾಚಾರ, ಬ್ಯಾರನ್‌ನ ಕಲ್ಪನೆ ಎರಡನ್ನೂ ಅವರು ಒಂದೇ ಚೌಕಟ್ಟಿನಲ್ಲಿ ನಿಲ್ಲಿಸುತ್ತಾರೆ, ನಟರನ್ನೂ ಚಿತ್ರಗಳನ್ನೂ ನಿಲ್ಲಿಸಿದಂತೆಯೇ.

ಇದು ಹಿಡಿಸಿದರೆ, ವರ್ನ್ ಕಥೆಯನ್ನಾಧರಿಸಿ ಅವರೇ 1958ರಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರವನ್ನೂ ನೋಡಿ. ಗೆರೆಗಳ ಆಟ ಅಲ್ಲಿ ಇನ್ನೂ ದಟ್ಟವಾಗಿದೆ. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.